ಅಡಿಕೆ ಧಾರಣೆಯ ಪಕ್ಕ ವಾಟ್ಸ್‌ಆ್ಯಪ್ ಆವೃತ್ತಿಯನ್ನೂ ಹಾಕಿ

ಮಾನ್ಯ ಸಂಪಾದಕರೇ,

ವಾಟ್ಸ್‌ಆ್ಯಪ್‌ನಲ್ಲಿ ಭದ್ರತಾ ಲೋಪ ಪತ್ತೆಯಾಯಿತೆಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ತಲೆಬರಹ ದಪ್ಪಗಿರುತ್ತದೆ, ಕೊನೆಯ ಸಾಲಿನಲ್ಲಿ ‘ಬಳಕೆದಾರರು ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಬೇಕು’ ಎಂದಿರುತ್ತದೆ. ಲೋಪ ಯಾವ ಆವೃತ್ತಿಯವರೆಗೆ ಇತ್ತು, ಯಾವುದರಲ್ಲಿ ಸರಿಹೋಯಿತು, ಕೈಯಲ್ಲಿರುವ ಫೋನಿನಲ್ಲಿ ಯಾವುದಿದೆ ಎಂದು ಎಲ್ಲಿ ನೋಡಬೇಕು, ಈ ಮೂರೂ ಇರುವುದಿಲ್ಲ. ಓದಿದವರು ಗಾಬರಿಯಾಗಿ ಆ ಸುದ್ದಿಯ ಫೋಟೊ ತೆಗೆದು ಅದೇ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಗುಂಪಿಗೆ ಕಳಿಸುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ಸಣ್ಣ ಕೊರತೆಯಲ್ಲ. ಫೋನು ತಾನಾಗಿಯೇ ಅಪ್‌ಡೇಟ್ ಆಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಆಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್ ತಾನಾಗಿ ಆ್ಯಪ್ ಹೊಸದು ಮಾಡಬೇಕಾದರೆ ಸಾಮಾನ್ಯವಾಗಿ ನಾಲ್ಕು ಸಂಗತಿ ಕೂಡಿಬರಬೇಕು: ವೈಫೈ ಸಿಗುತ್ತಿರಬೇಕು, ಫೋನು ಚಾರ್ಜಿಗಿರಬೇಕು, ಯಾರೂ ಅದನ್ನು ಬಳಸುತ್ತಿರಬಾರದು, ಹೊಸದಾಗಬೇಕಾದ ಆ್ಯಪ್ ಪರದೆಯ ಮೇಲೆ ತೆರೆದಿರಬಾರದು. ಬೆಂಗಳೂರಿನ ಮನೆಯಲ್ಲಿ ರಾತ್ರಿ ಹನ್ನೊಂದರ ನಂತರ ನಾಲ್ಕೂ ಒಟ್ಟಿಗೆ ಒದಗುತ್ತವೆ. ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಒಂಟಿಮನೆಗಳಲ್ಲಿ ಹಾಗಲ್ಲ. ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲೋ ಹಿಂದಿನ ಗುಡ್ಡದ ನೆತ್ತಿಯಲ್ಲೋ, ಚಾರ್ಜರ್ ಇರುವುದು ಒಳಮನೆಯಲ್ಲಿ. ಸಿಗ್ನಲ್ ಇದ್ದಲ್ಲಿ ಚಾರ್ಜಿಲ್ಲ, ಚಾರ್ಜಿದ್ದಲ್ಲಿ ಸಿಗ್ನಲಿಲ್ಲ. ಫೈಬರ್ ಬಂದ ಮನೆಯಾದರೂ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೋಡೆಮ್ ಸತ್ತಂತೆ. ಗುಡುಗು ಕೇಳಿದೊಡನೆ ನಾವೇ ಪ್ಲಗ್ ಕಿತ್ತಿಡುತ್ತೇವೆ, ಕಿತ್ತಿಡುವುದೂ ಸರಿಯೇ. ಕಾರವಾರದ ಬೈತಖೋಲದಿಂದಲೋ ತದಡಿಯಿಂದಲೋ ದಿನಗಟ್ಟಲೆ ಆಳಕ್ಕೆ ಹೋಗುವ ಬೋಟಿನವರ ಫೋನು ದಡಕ್ಕೆ ಬಂದ ಗಳಿಗೆಯಿಂದ ಕಿವಿಯಲ್ಲೇ ಇರುತ್ತದೆ. ಅದು ಸುಮ್ಮನೆ ಕೂರುವ ಹೊತ್ತು ಯಾವುದು?

ಆದ್ದರಿಂದ ಮೊದಲು ಆಗಬೇಕಾದ್ದು ಇಷ್ಟು. ಪ್ಲೇ ಸ್ಟೋರ್ ತೆರೆದು ಬಲ ಮೇಲ್ತುದಿಯ ದುಂಡಗಿನ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ನೆಟ್‌ವರ್ಕ್ ಪ್ರಿಫರೆನ್ಸಸ್, ಅದರೊಳಗೆ ಆಟೊ ಅಪ್‌ಡೇಟ್ ಆ್ಯಪ್ಸ್‌ಗೆ ಹೋಗಿ. ‘ವೈಫೈ ಮಾತ್ರ’ ಎಂದಿದ್ದರೆ ‘ಯಾವುದೇ ನೆಟ್‌ವರ್ಕ್’ ಎಂದು ಬದಲಿಸಿ. ಡೇಟಾ ಖರ್ಚಾದೀತೆಂಬ ಅಂಜಿಕೆ ಬೇಡ. ಪ್ಲೇ ಸ್ಟೋರ್ ಬಹುಮಟ್ಟಿಗೆ ಇಡೀ ಆ್ಯಪನ್ನು ಮತ್ತೆ ತರುವುದಿಲ್ಲ, ಬದಲಾದ ಭಾಗವನ್ನಷ್ಟೇ ತರುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇದ್ದವರಿಗೆ ರಾತ್ರಿ ಹನ್ನೆರಡಕ್ಕೆ ವ್ಯರ್ಥವಾಗುವ ಡೇಟಾವೇ ಇದಕ್ಕೆ ಸಾಕು. ಇಷ್ಟಾದರೂ ಚಾರ್ಜು ಮತ್ತು ಬಿಡುವಿನ ಷರತ್ತು ಹಾಗೇ ಉಳಿಯುವುದರಿಂದ ಹದಿನೈದು ದಿನಕ್ಕೊಮ್ಮೆ ಕೈಯಾರೆ ನೋಡುವುದು ಒಳ್ಳೆಯದು: ಅದೇ ದುಂಡು ಚಿತ್ರ, ‘ಮ್ಯಾನೇಜ್ ಆ್ಯಪ್ಸ್ ಆ್ಯಂಡ್ ಡಿವೈಸ್’, ಅಲ್ಲಿ ‘ಅಪ್‌ಡೇಟ್ಸ್ ಅವೈಲೆಬಲ್’. ಭಾನುವಾರದ ಸಂತೆಗೆ ಕಾರವಾರಕ್ಕೆ ಬಂದವರಿಗೆ ಬಸ್ಸು ಕಾಯುವ ಹೊತ್ತು ಸಾಲುತ್ತದೆ. ಮೀನುಗಾರರಿಗಂತೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬಲೆ ಹೆಣೆಯುವಾಗ, ಎಂಜಿನ್ ಬಿಚ್ಚುವಾಗ ಫೋನಿನದ್ದೂ ಒಂದು ಸರ್ವಿಸ್ ಆಗಲಿ.

ಅಪ್‌ಡೇಟ್ ಒತ್ತಿದರೂ ‘ಪೆಂಡಿಂಗ್’ ಎಂದು ನಿಂತರೆ ಕಾರಣ ಬಹುತೇಕ ಎರಡರಲ್ಲೊಂದು. ಜಾಗ ತುಂಬಿರಬಹುದು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’, ಅದರಲ್ಲಿ ‘ಮ್ಯಾನೇಜ್ ಸ್ಟೋರೇಜ್’ಗೆ ಹೋದರೆ 5 ಎಂಬಿಗಿಂತ ದೊಡ್ಡ ಕಡತಗಳೂ ಹಲವು ಬಾರಿ ಫಾರ್ವರ್ಡ್ ಆದವೂ ಬೇರೆ ಬೇರೆ ಸಾಲಾಗಿ ಕಾಣುತ್ತವೆ. ಶುಭೋದಯದ ದಾಸವಾಳಗಳನ್ನು ಅಲ್ಲಿಂದಲೇ ಒಟ್ಟಿಗೆ ಅಳಿಸಬಹುದು. ಇಲ್ಲವೇ ಗೂಗಲ್ ಖಾತೆ ಲಾಗಿನ್ ಕೇಳುತ್ತಿರಬಹುದು. ಇದು ನಮ್ಮ ಕಡೆ ಬಹಳ. ಫೋನು ಕೊಳ್ಳುವಾಗ ಅಂಗಡಿಯ ಹುಡುಗನೇ ಒಂದು ಜಿಮೇಲ್ ಮಾಡಿಕೊಟ್ಟಿರುತ್ತಾನೆ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಖಾತೆ ‘ಆ್ಯಕ್ಷನ್ ರಿಕ್ವೈರ್ಡ್’ ಎಂದು ತಿಂಗಳುಗಟ್ಟಲೆ ಕೂಗುತ್ತಿರುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೊಸ ಗೂಗಲ್ ಖಾತೆ ಸೇರಿಸಿ ಪ್ಲೇ ಸ್ಟೋರಿನಲ್ಲಿ ಅದನ್ನು ಆರಿಸಿಕೊಂಡರೆ ಕೆಲಸ ನಡೆಯುತ್ತದೆ. ಅಪ್‌ಡೇಟ್ ಮಾಡಿದರೆ ಹಳೆಯ ಚಾಟ್ ಹೋಗುವುದಿಲ್ಲ. ಹೋಗುವುದು ಆ್ಯಪ್ ಕಿತ್ತು ಮತ್ತೆ ಹಾಕಿದಾಗ. ‘ಅಪ್‌ಡೇಟ್ ಆಗ್ತಿಲ್ಲ, ಅನ್‌ಇನ್‌ಸ್ಟಾಲ್ ಮಾಡಿ ನೋಡುವ’ ಎಂಬ ಸಲಹೆಗೆ ಬ್ಯಾಕಪ್ ಇಲ್ಲದೆ ಒಪ್ಪಬೇಡಿ.

ಆವೃತ್ತಿ ಓದುವುದು ಸುಲಭ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಹೆಲ್ಪ್, ಆ್ಯಪ್ ಇನ್ಫೊ. ಅಲ್ಲಿ 2.22.16.12 ಎಂಬಂಥ ಸಂಖ್ಯೆ ಇರುತ್ತದೆ. ಎರಡನೆಯ ಅಂಕಿ ಇಸವಿ. 22 ಎಂದಿದ್ದರೆ 2022ರ ಆ್ಯಪು, 25 ಎಂದಿದ್ದರೆ 2025ರದ್ದು. ಬೇರೇನೂ ತಿಳಿಯದವರು ಈ ಒಂದು ಅಂಕಿ ನೋಡಿದರೂ ತಮ್ಮ ಫೋನು ಎಷ್ಟು ಹಿಂದೆ ಉಳಿದಿದೆ ಎಂದು ಗೊತ್ತಾಗುತ್ತದೆ.

ಹಿಂದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ 2019ರ ಮೇ ತಿಂಗಳ ಪ್ರಕರಣ ಸಾಕು. ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಎಂಬ ಬೇಹು ತಂತ್ರಾಂಶ ಒಂದು ವಾಟ್ಸ್‌ಆ್ಯಪ್ ಕರೆಯ ಮೂಲಕ ಫೋನಿನೊಳಗೆ ಇಳಿಯುತ್ತಿತ್ತು. ಕರೆ ಎತ್ತಬೇಕಿರಲಿಲ್ಲ, ಮಿಸ್ಡ್ ಕಾಲ್ ಸಾಕಿತ್ತು. ಎತ್ತದ ಕರೆ ಹೇಗೆ ಒಳಬರುತ್ತದೆ ಎಂದು ಕೇಳುವವರಿದ್ದಾರೆ. ಫೋನು ರಿಂಗಾಗುವ ಮೊದಲೇ ಆ ಕಡೆಯಿಂದ ಕರೆಯ ವಿವರದ ಪೊಟ್ಟಣಗಳು ಬಂದಿರುತ್ತವೆ, ಆ್ಯಪ್ ಅವನ್ನು ಬಿಚ್ಚಿ ಓದಿರುತ್ತದೆ. ಓದುವಾಗ ಅಳತೆ ಸರಿಯಾಗಿ ನೋಡದ್ದೇ ಲೋಪ. ಹತ್ತು ಕೊಳಗ ಹಿಡಿಯುವ ಕಣಜಕ್ಕೆ ಹದಿನೈದು ಕೊಳಗ ಸುರಿದರೆ ಉಕ್ಕಿದ್ದು ಪಕ್ಕದ ಕಣಜಕ್ಕೆ ಬೀಳುತ್ತದೆ. ಫೋನಿನ ಮೆಮೊರಿಯಲ್ಲಿ ಪಕ್ಕದ ಕಣಜದಲ್ಲಿ ಇರುವುದು ಭತ್ತವಲ್ಲ, ಮುಂದೆ ಏನು ಮಾಡಬೇಕೆಂಬ ಆದೇಶ. ಕಳ್ಳ ತನ್ನ ಆದೇಶವನ್ನು ಆ ಹೆಚ್ಚುವರಿ ಐದು ಕೊಳಗದಲ್ಲಿ ಬೆರೆಸಿ ಕಳಿಸುತ್ತಾನೆ. ಸುಮಾರು 1,400 ಜನರ ಫೋನುಗಳನ್ನು ಹೀಗೆ ಗುರಿ ಮಾಡಲಾಗಿತ್ತು, ಅವರಲ್ಲಿ ಭಾರತದ ಪತ್ರಕರ್ತರೂ ಹೋರಾಟಗಾರರೂ ಇದ್ದರು. ಆಂಡ್ರಾಯ್ಡ್‌ನಲ್ಲಿ 2.19.134ನೇ ಆವೃತ್ತಿ ಈ ಬಾಗಿಲು ಮುಚ್ಚಿತು. ಅದೇ ವರ್ಷ ಎಂಪಿ4 ವಿಡಿಯೊ ಓದುವಲ್ಲಿ ಇಂಥದೇ ಇನ್ನೊಂದು ಲೋಪ ಸಿಕ್ಕಿ 2.19.274ರಲ್ಲಿ ಸರಿಯಾಯಿತು. 2022ರಲ್ಲಿ ವಿಡಿಯೊ ಕರೆಯ ಲೋಪವೊಂದು 2.22.16.12ರಲ್ಲಿ ಸರಿಯಾಯಿತು.

ಸಂದೇಶಗಳು ಬೀಗ ಹಾಕಿದಂತೆ ಎನ್‌ಕ್ರಿಪ್ಟ್ ಆಗಿರುತ್ತವಲ್ಲ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಆ ಬೀಗ ದಾರಿಯ ಮಟ್ಟಿಗೆ. ಫೋನಿಗೆ ಬಂದ ಮೇಲೆ ಆ್ಯಪ್ ಅದನ್ನು ಬಿಚ್ಚಲೇಬೇಕು, ಬಿಚ್ಚುವ ಜಾಗದಲ್ಲೇ ಲೋಪ ಕೂತಿರುತ್ತದೆ.

‘ನಾವೇನು ಮಂತ್ರಿಗಳೇ, ನಮ್ಮ ಫೋನಿಗೆ ಪೆಗಾಸಸ್ ಯಾರು ಹಾಕುತ್ತಾರೆ’ ಎಂಬ ಮಾತಿಗೂ ಅರ್ಥವಿದೆ. ಅಂಥ ತಂತ್ರಾಂಶ ದುಬಾರಿ, ಆರಿಸಿದ ಕೆಲವರ ಮೇಲಷ್ಟೇ ಬಳಸುತ್ತಾರೆ. ಆದರೆ ತೇಪೆ ಹಾಕಿದ ಆವೃತ್ತಿ ಬಿಡುಗಡೆಯಾದ ದಿನ ಲೋಪದ ಜಾತಕವೂ ಬಯಲಾಗುತ್ತದೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ನೋಡಿದರೆ ತೂತು ಎಲ್ಲಿತ್ತೆಂದು ಬಲ್ಲವನಿಗೆ ತಿಳಿಯುತ್ತದೆ. ಹೀಗಾಗಿ ಹಳೆಯ ಆವೃತ್ತಿ ಇಟ್ಟುಕೊಂಡವನ ಅಪಾಯ ಸರಿಪಡಿಸಿದ ಸುದ್ದಿ ಬಂದ ಮೇಲೆ ಇಳಿಯುವುದಿಲ್ಲ, ಏರುತ್ತದೆ.

ಆ್ಯಪ್ ಒಂದನ್ನೇ ಹೊಸದು ಮಾಡಿದರೆ ಅರ್ಧ ಕೆಲಸ. 2025ರ ಆಗಸ್ಟ್‌ನಲ್ಲಿ ಐಫೋನಿನ ವಾಟ್ಸ್‌ಆ್ಯಪ್‌ನ ಒಂದು ಲೋಪವನ್ನೂ ಆ್ಯಪಲ್‌ನ ಚಿತ್ರ ಓದುವ ಭಾಗದ ಇನ್ನೊಂದು ಲೋಪವನ್ನೂ ಜೋಡಿಸಿ ದಾಳಿ ಮಾಡಿದ್ದು ಹೊರಬಿತ್ತು. ಮೊದಲನೆಯದಕ್ಕೆ ವಾಟ್ಸ್‌ಆ್ಯಪ್ 2.25.21.73, ಎರಡನೆಯದಕ್ಕೆ ಐಫೋನಿನ ಮೂಲ ತಂತ್ರಾಂಶವಾದ ಐಒಎಸ್‌ನ 18.6.2 ಬೇಕಾಯಿತು. ಸ್ಯಾಮ್‌ಸಂಗ್‌ನ ಕೆಲವು ಗ್ಯಾಲಕ್ಸಿ ಫೋನುಗಳಲ್ಲಿ ಡಿಎನ್‌ಜಿ ಮಾದರಿಯ ಚಿತ್ರ ಓದುವ ಭಾಗದಲ್ಲೇ ದೋಷವಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊದಂತೆ ಹೆಸರಿಟ್ಟ ಚಿತ್ರಗಳ ಮೂಲಕ ಪಶ್ಚಿಮ ಏಷ್ಯಾದಲ್ಲಿ ದಾಳಿಕೋರರು ಅದನ್ನು ಬಳಸಿಕೊಂಡರು. ಸ್ಯಾಮ್‌ಸಂಗ್ 2025ರ ಏಪ್ರಿಲ್ ತೇಪೆಯಲ್ಲಿ ಅದನ್ನು ಮುಚ್ಚಿತು. ವಾಟ್ಸ್‌ಆ್ಯಪನ್ನು ಎಷ್ಟು ಹೊಸದು ಮಾಡಿದರೂ ಈ ತೂತು ಮುಚ್ಚುತ್ತಿರಲಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಆಂಡ್ರಾಯ್ಡ್ ವರ್ಷನ್ ಕಡೆ ಹೋದರೆ ‘ಸೆಕ್ಯುರಿಟಿ ಅಪ್‌ಡೇಟ್’ ಅಥವಾ ‘ಪ್ಯಾಚ್ ಲೆವೆಲ್’ ಎಂಬಲ್ಲಿ ಒಂದು ದಿನಾಂಕವಿರುತ್ತದೆ. ಅದು ವರ್ಷಕ್ಕಿಂತ ಹಿಂದಿನದಾಗಿದ್ದು ಹೊಸ ಅಪ್‌ಡೇಟ್ ಬರುತ್ತಲೇ ಇಲ್ಲವಾದರೆ ಕಂಪನಿ ಆ ಮಾಡೆಲಿನ ಕೈಬಿಟ್ಟಿದೆ ಎಂದೇ ಲೆಕ್ಕ. ಅಂಥ ಫೋನು ಮಕ್ಕಳ ಆಟಕ್ಕೋ ಹಾಡು ಕೇಳಲಿಕ್ಕೋ ಇರಲಿ, ಬ್ಯಾಂಕಿನ ಆ್ಯಪು ಅದರಲ್ಲಿ ಬೇಡ. ಇಲ್ಲಿಯ ಅಂಗಡಿಗಳಲ್ಲಿ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತೇವೆಯೇ ಹೊರತು ಭದ್ರತಾ ತೇಪೆ ಎಷ್ಟು ವರ್ಷ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದು. ವಾಟ್ಸ್‌ಆ್ಯಪ್ ತಾನೇ 2023ರ ಅಕ್ಟೋಬರ್‌ನಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯದನ್ನೂ 2025ರ ಮೇಯಿಂದ ಐಒಎಸ್ 15.1ಕ್ಕಿಂತ ಹಳೆಯದನ್ನೂ ಬಿಟ್ಟಿದೆ.

ಇನ್ನು ಝೆರಾಕ್ಸ್ ಅಂಗಡಿ. ಶಿರಸಿಯಾಗಲಿ ಕುಮಟೆಯಾಗಲಿ, ತಹಶೀಲ್ದಾರ್ ಕಚೇರಿಯ ಸುತ್ತಮುತ್ತಲ ಅಂಗಡಿಗಳಲ್ಲಿ ಒಂದು ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ಸದಾ ತೆರೆದಿರುತ್ತದೆ. ‘ಈ ನಂಬರಿಗೆ ಕಳಿಸಿ’ ಎಂದು ಗೋಡೆಗೆ ಅಂಟಿಸಿರುತ್ತಾರೆ. ಗುರುತಿಲ್ಲದವರ ಕಡತಗಳನ್ನು ದಿನವಿಡೀ ತೆರೆಯುವುದೇ ಅಲ್ಲಿಯ ಉದ್ಯೋಗ. ವಿಂಡೋಸ್‌ನ ವಾಟ್ಸ್‌ಆ್ಯಪ್‌ನಲ್ಲಿ 2.2450.6ಕ್ಕಿಂತ ಹಿಂದಿನ ಆವೃತ್ತಿಗಳಿಗೆ ಒಂದು ವಿಚಿತ್ರ ದೋಷವಿತ್ತು. ಬಂದ ಕಡತವನ್ನು ತೋರಿಸುವಾಗ ಕಳಿಸಿದವರು ಹೇಳಿದ ಮಾದರಿಯನ್ನು ನಂಬಿ ‘ಚಿತ್ರ’ ಎಂದು ತೋರಿಸುತ್ತಿತ್ತು, ತೆರೆಯುವಾಗ ಮಾತ್ರ ಹೆಸರಿನ ಕೊನೆಯ ಅಕ್ಷರ ನೋಡಿ ಪ್ರೋಗ್ರಾಮ್ ಎಂದು ಓಡಿಸುತ್ತಿತ್ತು. ಆಧಾರ್ ಪ್ರತಿ ಎಂದು ಕ್ಲಿಕ್ ಮಾಡಿದರೆ ಒಳಗೆ ಕೂತದ್ದು ಬೇರೆಯೇ. 2025ರ ಏಪ್ರಿಲ್‌ನಲ್ಲಿ ಇದು ಬಹಿರಂಗವಾಯಿತು. ಅಂಗಡಿಯವರು ಮೈಕ್ರೊಸಾಫ್ಟ್ ಸ್ಟೋರಿನ ಲೈಬ್ರರಿಯಲ್ಲಿ ‘ಗೆಟ್ ಅಪ್‌ಡೇಟ್ಸ್’ ಒತ್ತಿ ವಾರಕ್ಕೊಮ್ಮೆ ನೋಡಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ಅವರಿಗೆ ನೆನಪಿರಲಿ.

ಗಿರಾಕಿಗಳ ತಪ್ಪು ಬೇರೆ. ಕೆಲವರು ಅಂಗಡಿಯ ಕಂಪ್ಯೂಟರಿನಲ್ಲಿ ತಮ್ಮದೇ ವಾಟ್ಸ್‌ಆ್ಯಪ್‌ಗೆ ಕ್ಯೂಆರ್ ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆದು, ಲಾಗೌಟ್ ಮಾಡದೆ ಬಸ್ಸು ಹಿಡಿಯುತ್ತಾರೆ. ಫೋನಿನಲ್ಲಿ ಮೂರು ಚುಕ್ಕೆ ಒತ್ತಿ ‘ಲಿಂಕ್ಡ್ ಡಿವೈಸಸ್’ ನೋಡಿದರೆ ಎಲ್ಲೆಲ್ಲಿ ತಮ್ಮ ಖಾತೆ ತೆರೆದಿದೆ ಎಂದು ಕಾಣುತ್ತದೆ. ನಾಲ್ಕು ಸಾಧನಗಳವರೆಗೆ ಜೋಡಿಸಬಹುದು. ಗೊತ್ತಿಲ್ಲದ ಹೆಸರಿದ್ದರೆ ಅದನ್ನು ಒತ್ತಿ ಲಾಗೌಟ್ ಮಾಡಿ. ಈ ಪಟ್ಟಿಯಲ್ಲಿ ಕಳ್ಳ ಕೂತಿದ್ದರೆ ಎಷ್ಟು ಅಪ್‌ಡೇಟ್ ಮಾಡಿದರೂ ಪ್ರಯೋಜನವಿಲ್ಲ, ಅವನು ಬಾಗಿಲು ಮುರಿದವನಲ್ಲ, ನಾವೇ ಕೀಲಿ ಕೊಟ್ಟವನು. ಜೊತೆಗೆ ಅಕೌಂಟ್ ವಿಭಾಗದಲ್ಲಿ ಆರಂಕಿಯ ಟೂ ಸ್ಟೆಪ್ ವೆರಿಫಿಕೇಶನ್ ಪಿನ್ ಇಟ್ಟು ಇಮೇಲ್ ಕೂಡ ಸೇರಿಸಿ. ಇಮೇಲ್ ಇಲ್ಲದೆ ಪಿನ್ ಮರೆತರೆ ಏಳು ದಿನ ಕಾಯಬೇಕಾದೀತು.

ಅಪ್‌ಡೇಟ್ ಎಂಬ ಮಾತನ್ನೇ ಬಲೆ ಮಾಡಿಕೊಂಡವರೂ ಇದ್ದಾರೆ. ‘ವಾಟ್ಸ್‌ಆ್ಯಪ್ ಗುಲಾಬಿ ಬಣ್ಣಕ್ಕೆ ಬದಲಾಗಿದೆ, ಇಲ್ಲಿ ಒತ್ತಿ’ ಎಂಬ ಸಂದೇಶ 2021ರಲ್ಲಿ ದೇಶವಿಡೀ ಓಡಾಡಿತು, 2023ರಲ್ಲಿ ಮತ್ತೆ ಬಂತು. ಈಗ ಮದುವೆ ಕರೆಯೋಲೆ, ಇ–ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ‘.ಎಪಿಕೆ’ ಎಂದು ಕೊನೆಯಾಗುವ ಕಡತಗಳು ಬರುತ್ತವೆ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಕಡತ. ಮದುವೆ ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಅದನ್ನು ನೋಡಲು ಆ್ಯಪ್ ಹಾಕಬೇಕೆಂದರೆ ಅದು ಕರೆಯೋಲೆಯಲ್ಲ. ಹಾಕಿಕೊಂಡ ತಕ್ಷಣ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ಕೊಟ್ಟರೆ ಬ್ಯಾಂಕಿನ ಒಟಿಪಿ ಅದರ ಪಾಲು. ಟೆಲಿಗ್ರಾಂನ ಆಂಡ್ರಾಯ್ಡ್ ಆವೃತ್ತಿಯಲ್ಲಂತೂ ಇಂಥ ಎಪಿಕೆಯನ್ನು ವಿಡಿಯೊದಂತೆಯೇ ತೋರಿಸಲು ಸಾಧ್ಯವಾಗುವ ಲೋಪವಿತ್ತು, 2024ರ ಜುಲೈನಲ್ಲಿ 10.14.5ನೇ ಆವೃತ್ತಿ ಅದನ್ನು ಸರಿಪಡಿಸಿತು. ಇದಕ್ಕೆ ಒಂದು ಗಟ್ಟಿ ಅಡ್ಡಗಟ್ಟೆ ಫೋನಿನಲ್ಲೇ ಇದೆ: ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಕ್ಸೆಸ್, ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’. ಅಲ್ಲಿ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲವನ್ನೂ ಆಫ್ ಮಾಡಿಡಿ.

ಅಳಿಸಿದ ಮೆಸೇಜನ್ನೂ ತೋರಿಸುವ ಜಿಬಿ ವಾಟ್ಸ್‌ಆ್ಯಪ್, ಎಫ್‌ಎಂ, ಯೋ ಎಂಬ ನಕಲಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ಲೇ ಸ್ಟೋರಿನಲ್ಲಿ ಇಲ್ಲದ್ದರಿಂದ ಭದ್ರತಾ ತೇಪೆ ಅವಕ್ಕೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಎಫ್‌ಎಂ ವಾಟ್ಸ್‌ಆ್ಯಪ್‌ನ ಒಂದು ಆವೃತ್ತಿಯಲ್ಲಿ ಟ್ರಯಾಡಾ ಎಂಬ ಟ್ರೋಜನ್ (ಒಳ್ಳೆಯ ಆ್ಯಪಿನ ವೇಷದಲ್ಲಿ ಒಳಸೇರುವ ಕಳ್ಳ ತಂತ್ರಾಂಶ) ಇದ್ದದ್ದನ್ನು ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ 2021ರಲ್ಲಿ ಪತ್ತೆ ಮಾಡಿತು, ಯೋ ವಾಟ್ಸ್‌ಆ್ಯಪ್ ಖಾತೆಯ ಕೀಲಿಗಳನ್ನೇ ಕದಿಯುತ್ತಿದ್ದುದನ್ನು 2022ರಲ್ಲಿ. ಅಳಿಸಿದ ಮೆಸೇಜ್ ಓದುವ ಚಪಲಕ್ಕೆ ಇಷ್ಟು ಬೆಲೆ ಯಾಕೆ?

ಈಗಾಗಲೇ ಇಂಥ ಎಪಿಕೆ ಹಾಕಿಕೊಂಡಿದ್ದರೆ ಕ್ರಮ ಮುಖ್ಯ. ಮೊದಲು ಏರೋಪ್ಲೇನ್ ಮೋಡ್, ವೈಫೈ ಕೂಡ ಬಂದ್. ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವುದು ಈ ಕರೆ ಎಷ್ಟು ಬೇಗ ಹೋಯಿತು ಎಂಬುದರ ಮೇಲೆ ನಿಂತಿದೆ. ಅನಂತರ ಆ ಆ್ಯಪ್ ಕೀಳಲು ನೋಡಿ. ‘ಅನ್‌ಇನ್‌ಸ್ಟಾಲ್’ ಒತ್ತಲು ಬಾರದಿದ್ದರೆ ಅದು ಡಿವೈಸ್ ಅಡ್ಮಿನ್ ಅಧಿಕಾರ ಪಡೆದಿರುತ್ತದೆ, ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಕಿತ್ತ ಮೇಲೆ ಆ್ಯಪ್ ಹೋಗುತ್ತದೆ. ಆಗಲೂ ಹೋಗದಿದ್ದರೆ ಫ್ಯಾಕ್ಟರಿ ರೀಸೆಟ್. ಸಿಮ್ ಮತ್ತೆ ಚಾಲೂ ಆದ ಮೇಲೆ ##002# ಒತ್ತಿ ಕರೆ ಮಾಡಿದರೆ ಗುಟ್ಟಾಗಿ ಹಾಕಿದ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತದೆ.

ಮಳೆಗಾಲದ ದಿನಗಳಲ್ಲಿ ನಮ್ಮ ಗುಂಪುಗಳು ಹೇಗಿರುತ್ತವೆ ಎಂದು ತಮಗೆ ಗೊತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಎಲ್ಲಿಂದ ಬಂತು, ಯಾರು ತೆಗೆದದ್ದು ಎಂದು ತಿಳಿಯದ ವಿಡಿಯೊಗಳು ಪ್ರತಿ ಫೋನಿಗೂ ಇಳಿದವು. ಶಾಲೆಗೆ ರಜೆಯ ಆದೇಶ, ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆ, ಘಟ್ಟದ ರಸ್ತೆ ಬಂದ್, ಎಲ್ಲ ಬರುವುದು ಇದೇ ದಾರಿಯಲ್ಲಿ, ತೆರೆಯದೆ ಬಿಡುವಂತಿಲ್ಲ. ಕನಿಷ್ಠ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ಮೀಡಿಯಾ ಆಟೊ ಡೌನ್‌ಲೋಡ್‌ನ ಮೂರೂ ಸಾಲಿನಲ್ಲಿ ಗುರುತು ತೆಗೆದಿಟ್ಟರೆ ನಾವು ಒತ್ತಿದ್ದು ಮಾತ್ರ ಇಳಿಯುತ್ತದೆ. ಪ್ರೈವಸಿಯಲ್ಲಿ ‘ಗ್ರೂಪ್ಸ್’ ಎಂಬಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಎಂದಿಟ್ಟರೆ ಗುರುತಿಲ್ಲದವರು ನಮ್ಮನ್ನು ಗುಂಪಿಗೆ ಎಳೆದು ಕಡತ ಸುರಿಯಲಾರರು.

ಈಗ ತಮ್ಮಲ್ಲಿ ಕೋರಿಕೆ. ಜಿಲ್ಲಾ ಪುಟದಲ್ಲಿ ರಾಶಿ, ಚಾಲಿ, ಬೆಟ್ಟೆ ಎಂದು ಅಡಿಕೆ ಧಾರಣೆ ನಿತ್ಯ ಹಾಕುತ್ತೀರಿ. ಅದನ್ನು ನೋಡದೆ ಪೇಪರ್ ಮಡಚುವವರು ಘಟ್ಟದ ಮೇಲೆ ಇಲ್ಲ. ಅದರ ಕೆಳಗೆ ವಾರಕ್ಕೊಮ್ಮೆ ಎರಡು ಸಾಲಿನ ಜಾಗ ಕೊಡಿ. ಲೋಪಗಳ ವಿವರವನ್ನು ವಾಟ್ಸ್‌ಆ್ಯಪ್ ತನ್ನ ಭದ್ರತಾ ಸೂಚನೆಗಳ ಪುಟದಲ್ಲಿ ಹಾಕುತ್ತದೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ ಕೂಡ ಎಚ್ಚರಿಕೆ ಹೊರಡಿಸುತ್ತದೆ. ಉಪಸಂಪಾದಕರೊಬ್ಬರಿಗೆ ಹತ್ತು ನಿಮಿಷದ ಕೆಲಸ. ಲೋಪದ ಸುದ್ದಿ ಇಲ್ಲದ ವಾರ ಪ್ಲೇ ಸ್ಟೋರಿನಲ್ಲಿರುವ ಆವೃತ್ತಿ ಹಾಕಿದರೂ ಸಾಕು. ಒಂದು ಮಾತು ಮಾತ್ರ ಜೊತೆಗಿರಲಿ: ಹೊಸ ಆವೃತ್ತಿ ಎಲ್ಲರಿಗೂ ಒಂದೇ ದಿನ ಬರುವುದಿಲ್ಲ, ಹಂತಹಂತವಾಗಿ ಬಿಡುತ್ತಾರೆ, ಎರಡು ಮೂರು ದಿನ ತಡವಾದರೆ ಫೋನು ಕೆಟ್ಟಿದೆ ಎಂದಲ್ಲ.

ಮಾದರಿ ಹೀಗಿರಬಹುದು: ‘ವಾಟ್ಸ್‌ಆ್ಯಪ್, ಐಫೋನ್: 2.25.21.73ಕ್ಕಿಂತ ಹಿಂದಿನದಾಗಿದ್ದರೆ ಇಂದೇ ಅಪ್‌ಡೇಟ್ ಮಾಡಿ. ನೋಡುವುದು: ಸೆಟ್ಟಿಂಗ್ಸ್, ಹೆಲ್ಪ್.’

ಇಂತಿ,
ಶಿರಸಿ ಮತ್ತು ಕಾರವಾರದ ಕೆಲವು ಓದುಗರು